ಶಾಯಿಯಿಲ್ಲದೆ ಬರೆದ ಸಾಲು

ರಾಯರು ಹೋದ ಸುದ್ದಿ ನನಗೆ ತಿಳಿದದ್ದು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ. ನಮ್ಮ ಕಚೇರಿಯ ಹಳೆಯ ಸಿಪಾಯಿ ಸಿಕ್ಕಿದ್ದ. "ಅಕ್ಕಾರ, ನಮ್ಮ ಹುಟ್ಟು-ಸಾವಿನ ರಾಯರು ಹ್ವಾದ್ರಂತ್ರಿ. ನಿದ್ದ್ಯಾಗ ಹ್ವಾದ್ರಂತ" ಎಂದ. ಅಷ್ಟರಲ್ಲಿ ಶಿರಹಟ್ಟಿಯ ಬಸ್ಸು ಬಂತು, ಅವನು ಹತ್ತಿ ಹೋದ. ನಾನು ಯಳವತ್ತಿಯ ಬಸ್ಸನ್ನು ಕಣ್ಣೆದುರೇ ಬಿಟ್ಟು ಕಲ್ಲುಬೆಂಚಿನ ಮೇಲೆ ಕೂತಿದ್ದೆ. ನಿದ್ದೆಯಲ್ಲಿ ಹೋದರು ಎಂಬುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಎಚ್ಚರವಿದ್ದಾಗಲೂ ಅವರು ಅರ್ಧ ಬೇರೆಲ್ಲೋ ಇರುತ್ತಿದ್ದರು. ಉಳಿದರ್ಧವೂ ಅಲ್ಲಿಗೇ ಹೋಗಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ಅಳು ಬಂತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕರ ಸುತ್ತಲೇ ನನ್ನ ನೌಕರಿ ತಿರುಗಿದೆ. ಯಾವ ಮುನ್ಸಿಪಾಲ್ಟಿ ಎಂದು ಹುಡುಕಲು ಹೊರಟವರ ಕೈಗೆ ಧೂಳಷ್ಟೇ ಹತ್ತೀತು.

ಎಪ್ಪತ್ತರ ದಶಕದ ನಡುವೆ ನಾನು ಟೈಪಿಸ್ಟ್ ಆಗಿ ಸೇರಿದಾಗ ಆ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತ ಮೊದಲ ಹೆಣ್ಣು ನಾನೇ. ನನ್ನನ್ನು ಎಲ್ಲಿ ಕೂರಿಸುವುದು ಎಂಬುದೇ ಚೀಫ್ ಆಫೀಸರರಿಗೆ ದೊಡ್ಡ ಚಿಂತೆಯಾಯಿತು. ಕರದ ವಿಭಾಗದಲ್ಲಿ ಬೆಳಗಿನಿಂದ ಸಂಜೆಯ ತನಕ ಜಗಳ. ನೀರಿನ ವಿಭಾಗದ ಮುಂದೆ ಖಾಲಿ ಕೊಡ ಹಿಡಿದ ಹೆಂಗಸರು, ಅವರ ಬಾಯಿಗೆ ಸಿಕ್ಕ ಗುಮಾಸ್ತ ಉಳಿದದ್ದಿಲ್ಲ. ಆರೋಗ್ಯ ವಿಭಾಗದ ತುಂಬ ಡಿ.ಡಿ.ಟಿ. ವಾಸನೆ. ದೀಪದ ವಿಭಾಗ ಎಂದರೆ ಒಂದು ಏಣಿ ಮತ್ತು ಪರಸಪ್ಪ, ಅಷ್ಟೇ. ಆ ಏಣಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಅವನು ಊರೆಲ್ಲ ತಿರುಗಿ ಬೀದಿದೀಪಗಳ ಬಲ್ಬು ಬದಲಿಸುತ್ತಿದ್ದ. ಕೊನೆಗೆ ಹಿತ್ತಲ ಕಡೆಯ ಕೋಣೆಗೆ ನನ್ನ ಟೈಪ್‌ರೈಟರ್ ಹೊರಿಸಿದರು. ಅದು ಜನನ-ಮರಣ ನೋಂದಣಿಯ ಕೋಣೆ. ಕಿಟಕಿಯಾಚೆ ಬೇವಿನ ಮರ, ಒಳಗೆ ರಾಯರು.

"ಇಲ್ಲೆ ಕೂಡು ತಂಗಿ," ಎಂದರು. "ಈ ಕೋಣ್ಯಾಗ ಯಾರೂ ಜಗಳಾ ಮಾಡೂದಿಲ್ಲ. ಹುಟ್ಟಿದವರಿಗೆ ಇನ್ನೂ ಮಾತ ಬರೂದಿಲ್ಲ, ಹೋದವರಿಗೆ ಮಾತ ಬ್ಯಾಡಾಗಿರತದ."

ಆಗ ಅವರಿಗೆ ಐವತ್ತರ ಆಸುಪಾಸು. ಬಿಳಿ ಧೋತರ, ಕರಿ ಟೊಪ್ಪಿಗೆ, ಮೊಣಕೈಯಲ್ಲಿ ನವೆದ ಕೋಟು. ಅವರ ತಂದೆ ಲಕ್ಕುಂಡಿಯ ಕಡೆ ಒಂದು ಗುಡಿಯಲ್ಲಿ ಪೂಜೆ ಮಾಡಿಕೊಂಡಿದ್ದವರಂತೆ. ಮಗ ಪೂಜೆ ಬಿಟ್ಟು ನೌಕರಿಗೆ ಬಂದರೂ ಮಡಿ ಮಾತ್ರ ಬಿಟ್ಟಿರಲಿಲ್ಲ, ಅದನ್ನು ತಂದು ಸರಕಾರಿ ಪುಸ್ತಕಗಳಿಗೆ ಹಚ್ಚಿದ್ದರು. ಮೇಜಿನ ಮೇಲೆ ಎರಡು ದೊಡ್ಡ ರಿಜಿಸ್ಟರುಗಳು. ಹುಟ್ಟಿನದು ಬಾಗಿಲ ಕಡೆಗೆ, ಸಾವಿನದು ಗೋಡೆಯ ಕಡೆಗೆ. ಒಂದರ ಮೇಲೊಂದು ಇಡುವಂತಿಲ್ಲ. ಎರಡಕ್ಕೂ ಅದ್ದಿ ಬರೆಯುವ ಟಾಕು ಬೇರೆ ಬೇರೆ, ಶಾಯಿಯ ದೌತಿ ಬೇರೆ ಬೇರೆ. ಸಾವಿನ ಪುಸ್ತಕದಲ್ಲಿ ಬರೆದ ಮೇಲೆ ಎದ್ದು ಹೋಗಿ ನಳದಲ್ಲಿ ಕೈ ತೊಳೆದು ಬರುತ್ತಿದ್ದರು. ನಳದಲ್ಲಿ ನೀರಿಲ್ಲದ ದಿನ, ಅಂದರೆ ವಾರದಲ್ಲಿ ಐದು ದಿನ, ಬೇವಿನ ಎಲೆ ಹಿಚುಕಿ ಕೈಗೆ ಒರೆಸಿಕೊಳ್ಳುತ್ತಿದ್ದರು.

ನಾನು ಯಳವತ್ತಿಯಂಥ ಹೊಲಮನೆಯ ಊರಿನಿಂದ ಬಂದವಳು. ಕಸ ಬಿದ್ದರೆ ಗುಡಿಸಬೇಕು, ಕೆಲಸ ಬಂದರೆ ಮುಗಿಸಬೇಕು ಎನ್ನುವುದು ನನ್ನ ವೇದಾಂತ. ರಾಯರ ಈ ನಿಧಾನ ನೋಡಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಸಾವು ಬರೆಸಲು ಬಂದವರನ್ನು ಅವರು ಸ್ಟೂಲಿನ ಮೇಲೆ ಕೂರಿಸಿ, ಹೆಸರು, ವಯಸ್ಸು, ಓಣಿ ಎಲ್ಲ ಬರೆದುಕೊಂಡು, ಟಾಕು ಕೆಳಗಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದರು: "ಏನ ಉಣತಿದ್ರು? ಯಾವದು ಸೇರತಿತ್ತು ಅವರಿಗೆ?"

ಒಮ್ಮೆ ಒಬ್ಬ ಒಕ್ಕಲಿಗ ಬಂದಿದ್ದ. ತಾಯಿ ಹೋಗಿ ಮೂರು ದಿನವಾಗಿತ್ತು. ಆ ಪ್ರಶ್ನೆ ಕೇಳಿದ ಕೂಡಲೇ ಗಟ್ಟಿಯಾಗಿದ್ದ ಮನುಷ್ಯನ ಮುಖ ಬದಲಾಯಿತು. "ಶೇಂಗಾ ಬೆಲ್ಲ, ರಾಯರ. ಹಲ್ಲ ಇದ್ದಿದ್ದಿಲ್ಲ, ನಾವ ಕುಟ್ಟಿ ಕೊಡತಿದ್ವಿ" ಎಂದವನೇ ರುಮಾಲಿನಲ್ಲಿ ಮುಖ ಮುಚ್ಚಿಕೊಂಡ. ಹೊರಗೆ ಏಳು ಜನ ಕಾಯುತ್ತಿದ್ದರು. ಅವನು ಹೋದ ಮೇಲೆ ನಾನು, "ಅದಕ್ಕ ಕಾಲಮ್ಮ ಇಲ್ಲಲ್ರೀ ರಾಯರ, ಯಾಕ ಕೇಳ್ತೀರಿ?" ಎಂದು ಸಿಡುಕಿದೆ.

"ಕಾಲಮ್ಮ ಇಲ್ಲ, ಖರೆ," ಎಂದರು. "ಅದಕ್ಕ ಕೇಳ್ತೇನಿ."

ಹುಟ್ಟಿನ ಪುಸ್ತಕದ ಕಥೆ ಬೇರೆ. ನಮ್ಮ ಕಡೆ ತೊಟ್ಟಿಲಿಗೆ ಹಾಕುವ ತನಕ ಕೂಸಿಗೆ ಹೆಸರಿಲ್ಲ. ಹುಟ್ಟಿದ್ದನ್ನು ಬರೆಸಿ ಹೋದವರು ಹೆಸರು ಬರೆಸಲು ಮತ್ತೆ ಬರುವುದೇ ಇಲ್ಲ. ಹಾಗಾಗಿ ಪುಟಪುಟದಲ್ಲಿ 'ಗಂಡು', 'ಹೆಣ್ಣು' ಎಂದಷ್ಟೇ ಇದ್ದು ಹೆಸರಿನ ಜಾಗ ಖಾಲಿ. ಮಧ್ಯಾಹ್ನದ ಭೋಂಗಾ ಕೂಗಿ ಊರು ಊಟಕ್ಕೆ ಎದ್ದಾಗ, ಬೇವಿನ ನೆರಳು ಪುಟಗಳ ಮೇಲೆ ಹರಿದಾಡುತ್ತಿದ್ದಾಗ, ರಾಯರು ಆ ಖಾಲಿ ಜಾಗಗಳನ್ನು ಬೆರಳಿನಿಂದ ಸವರುತ್ತ ಕೂತಿರುತ್ತಿದ್ದರು. ದೂರದ ನೇಕಾರ ಓಣಿಯಿಂದ ಮಗ್ಗಗಳ ಸಪ್ಪಳ ತೇಲಿ ಬರುತ್ತಿತ್ತು. "ಇವರಿಗೆಲ್ಲಾ ಏನ ಹೆಸರ ಇಟ್ರೋ ಏನೋ" ಎಂದು ತಮ್ಮಷ್ಟಕ್ಕೇ ಅನ್ನುತ್ತಿದ್ದರು. ನನಗೂ ತೂಕಡಿಕೆ ಬಂದು, ಆ ಹೆಸರಿಲ್ಲದ ಕೂಸುಗಳೆಲ್ಲ ಕಿಟಕಿಯ ಹೊರಗೆ ಮರದ ಕೆಳಗೆ ಸಾಲಾಗಿ ಕೂತಂತೆ ಕಾಣುತ್ತಿತ್ತು.

ಸಂಜೆ ಕಚೇರಿ ಮುಗಿದ ಮೇಲೆ ಕೋಟಿನ ಕಿಸೆಯಲ್ಲಿ ಅರ್ಜಿಯ ನಮೂನೆ, ಹೆಬ್ಬೆಟ್ಟಿನ ಶಾಯಿ ಇಟ್ಟುಕೊಂಡು ಓಣಿ ಓಣಿ ತಿರುಗುತ್ತಿದ್ದರು. "ಏನವಾ, ಆ ಹುಡುಗಗ ಏನ ಹೆಸರಿಟ್ರಿ?" ಎಂದು ಕೇಳಿ ಅಲ್ಲೇ ಕಟ್ಟೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, ಮರುದಿನ ಬಂದು ತುಂಬುತ್ತಿದ್ದರು. ತಮ್ಮ ಲೋಕದಲ್ಲೇ ನಡೆಯುತ್ತಿದ್ದುದರಿಂದ ಒಮ್ಮೆ ಅಗಸರ ಕತ್ತೆಗೆ ಡಿಕ್ಕಿ ಹೊಡೆದು, ಟೊಪ್ಪಿಗೆ ಎತ್ತಿ ನಮಸ್ಕಾರ ಮಾಡಿದ್ದನ್ನು ನಾನೇ ಕಂಡಿದ್ದೇನೆ.

ಬೇರೆ ವಿಭಾಗದವರು ನಗುತ್ತಿದ್ದರು. ರಾಯರಿಗೆ ಅದರ ಬೇಸರವಿರಲಿಲ್ಲ. "ನೀರಿನವರು, ದೀಪದವರು, ಕಸದವರು, ಇವರೆಲ್ಲಾ ನಡುವಿನವರು ನೋಡು ತಂಗಿ. ಬಾಗಲಾ ತಗಿಯಾವರೂ ನಾವ, ಹಾಕಾವರೂ ನಾವ" ಎನ್ನುತ್ತಿದ್ದರು.

ಅಂಥ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ, ಒಬ್ಬ ಹೆಂಗಸು ಬಂದಳು. ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದಳು, ಹಸಿ ಬಾಣಂತಿ. ಸೆರಗಿನೊಳಗೆ ಕೂಸು. ಬೆಟಗೇರಿಯ ತವರಿನಿಂದ ನಮ್ಮೂರ ನೇಕಾರ ಓಣಿಗೆ ಬಂದ ಸೊಸೆ. ಹೆರಿಗೆ ಇಲ್ಲೇ ಗಂಡನ ಮನೆಯಲ್ಲಾಗಿ ಹನ್ನೊಂದು ದಿನ. ರಾಯರಿಗೆ ಅವಳ ಗುರುತಿತ್ತು. ಅವಳ ಮೂರು ಮಕ್ಕಳನ್ನು ಬಾಗಿಲ ಕಡೆಯ ಪುಸ್ತಕದಲ್ಲಿ ಬರೆದವರೂ ಅವರೇ, ಗೋಡೆಯ ಕಡೆಯ ಪುಸ್ತಕದಲ್ಲಿ ಬರೆದವರೂ ಅವರೇ.

"ಯಾಕವಾ, ಬಾಣಂತಿ ಬಿಸಲಾಗ ಬಂದೀಯಲ್ಲಾ?" ಎಂದು ಎದ್ದು ನಿಂತರು.

ಅವಳು ಕೂರಲಿಲ್ಲ. ಉಸಿರು ಬಿಡದೆ ಹೇಳಿದಳು: "ಯಪ್ಪಾ, ಮೂರು ಕೂಸ ಕಳಕೊಂಡೇನ್ರಿ. ತಿಪ್ಪಿ ಮ್ಯಾಲ ಹೊಳ್ಳಾಡಿಸಿದ್ವಿ. ಒಂದ ಮೊರಾ ಹೊಟ್ಟು ಇಸ್ಕೊಂಡು ಬಾಜೂ ಮನಿಯಾಕಿಗೆ ಮಾರಿ ತಿರಗಿ ತಗೊಂಡ್ವಿ. ಮೂಗ ಚುಚ್ಚಿಸಿದ್ವಿ. ಒಂದೂ ನಿಲ್ಲಲಿಲ್ರಿ. ಈಗ ನನಗ ತಿಳದೈತಿ. ಮನ್ಯಾಗ ಎಷ್ಟ ಮುಚ್ಚಿಟ್ರೇನು, ಇಲ್ಲೆ ನೀವು ಹುಟ್ಟ್ಯಾನ ಅಂತ ಬರೀತೀರಿ. ಅಲ್ಲಿಂದ ಅಂವಗ ಖಬರ ಹತ್ತತೈತಿ."

ಅಂವ ಎಂದರೆ ಯಮ. ಅವನ ಹೆಸರನ್ನು ಅವಳು ಹೇಳಲಿಲ್ಲ.

"ಇವನ್ನ ಆ ಪುಸ್ತಕದಾಗ ಬರೀಬ್ಯಾಡ್ರಿ. ಈ ಕಡೀದ್ರಾಗ ಬರದಬಿಡ್ರಿ, ಸತ್ತಾನ ಅಂತ. ಹೋದಾಂವನ್ನ ಮತ್ಯಾರು ಹುಡಿಕ್ಯಾಡತಾರ್ರಿ?"

ನನಗೆ ನಗುವೂ ಬಂತು, ಸಿಟ್ಟೂ ಬಂತು. "ಏನ ಮಾತಾಡ್ತಿಯವ್ವಾ? ಸರಕಾರಿ ಪುಸ್ತಕ ಐತಿ ಅದು. ಬದಕಿದ ಕೂಸ ಸತ್ತೈತಿ ಅಂತ ಬರದ್ರ ರಾಯರನ್ನ ಜೇಲಿಗೆ ಹಾಕ್ತಾರ," ಎಂದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಕೂಸನ್ನು ಮೇಜಿನ ಮೇಲೆ, ಎರಡೂ ಪುಸ್ತಕಗಳ ನಡುವೆ ಮಲಗಿಸಿದಳು. ಅದು ಬಾಯಿ ತೆರೆದು ಆಕಳಿಸಿತು. ರಾಯರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಆಮೇಲೆ ಗೋಡೆಯ ಕಡೆಯ ಪುಸ್ತಕ ತೆರೆದರು, ಟಾಕು ಎತ್ತಿದರು, ಬರೆದರು. ಒಂದೊಂದು ಕಾಲಮ್ಮನ್ನೂ ಗಟ್ಟಿಯಾಗಿ ಓದಿ ಹೇಳುತ್ತ, ಅಕ್ಷರ ಅಕ್ಷರವಾಗಿ ಬರೆದರು. ಮುಗಿಸಿ, "ಆತವಾ. ಹೋಗು, ಬೆಚ್ಚಗ ಮಲಕ್ಕೊ. ಇನ್ನ ಇವನ್ನ ಯಾರೂ ಕೇಳೂದಿಲ್ಲ," ಎಂದರು. ಅವಳು ಪುಸ್ತಕಕ್ಕೆ ಹಣೆ ಹಚ್ಚಿ, ಕೂಸನ್ನು ಎತ್ತಿಕೊಂಡು ಹೋದಳು.

ಎರಡು ದಿನ ನಾನು ಅವರೊಡನೆ ಮಾತಾಡಲಿಲ್ಲ. ಸುಳ್ಳು ದಾಖಲೆ ಮಾಡಿದ ಮನುಷ್ಯ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಮೂರನೆಯ ದಿನ ಅವರು ಅಣ್ಣನ ಮಗಳ ಮದುವೆಗೆ ಮುಂಡರಗಿಗೆ ಹೋದರು, ಎಂಟು ದಿನ ರಜೆ. ಅವರ ಕೆಲಸ ನನ್ನ ಪಾಲಿಗೆ ಬಂತು. ನಾನು ಮೊದಲು ಮಾಡಿದ್ದು ಆ ಪುಟ ತೆರೆದದ್ದು.

ಅಲ್ಲಿ ಏನೂ ಇರಲಿಲ್ಲ. ಸಾಲಿನ ನಂಬರು ಮಾತ್ರ ಇತ್ತು. ಪುಟವನ್ನು ಬೆಳಕಿಗೆ ಓರೆ ಹಿಡಿದಾಗ ಕಾಗದದ ಮೇಲೆ ನಿಬ್ಬು ಗೀಚಿದ ಗುರುತು ಕಂಡಿತು. ರಾಯರು ಟಾಕನ್ನು ದೌತಿಗೆ ಅದ್ದಿಯೇ ಇರಲಿಲ್ಲ. ಅವಳ ಕಣ್ಣಿಗೆ ಬರೆದರು, ಪುಸ್ತಕಕ್ಕೆ ಬರೆಯಲಿಲ್ಲ. ನನಗೆ ಎಷ್ಟು ಹಗುರವಾಯಿತೆಂದರೆ ಒಬ್ಬಳೇ ನಕ್ಕುಬಿಟ್ಟೆ.

ಆದರೆ ಆ ಸಾಲು ಖಾಲಿ. ಅದರ ಕೆಳಗೆ ಆಗಲೇ ಬೇರೆ ಸಾವುಗಳನ್ನು ಬರೆದಾಗಿತ್ತು. ನಡುವೆ ನಂಬರು ಬಿಟ್ಟರೆ ತಪಾಸಣೆಗೆ ಬಂದವರು ಬಿಟ್ಟಾರೆಯೇ? ಅದೇ ದಿನ ಒಬ್ಬ ಮುದುಕನ ಸಾವು ಬರೆಸಲು ಮನೆಯವರು ಬಂದರು. ಆ ಖಾಲಿ ಸಾಲಿನಲ್ಲಿ ದುಂಡಗೆ, ಅಚ್ಚುಕಟ್ಟಾಗಿ ಬರೆದೆ. ರಾಯರನ್ನು ಉಳಿಸಿದೆ ಎಂಬ ಹೆಮ್ಮೆ ಬೇರೆ.

ಅವರು ಬಂದ ದಿನವೇ ಪುಸ್ತಕ ತಿರುವಿದರು. ಬೆರಳು ಅಲ್ಲಿ ನಿಂತಿತು. "ಇಲ್ಲೊಂದ ಸಾಲ ಇತ್ತಲ್ಲ ತಂಗಿ?"

"ಖಾಲಿ ಇತ್ರಿ. ತುಂಬಿದೆ. ನಾಳಿ ತಪಾಸಣ್ಯಾಗ ನೀವ ಸಿಕ್ಕಬೀಳ್ತೀರಿ ಅಂತ."

ಅವರು ಆ ಸಾಲನ್ನು ಅಂಗೈಯಿಂದ ಮೆಲ್ಲಗೆ ಒರೆಸಿದರು. "ಖಾಲಿ ಇದ್ದಿದ್ದಿಲ್ಲ," ಎಂದರು. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಮುಂದೆ ತಪಾಸಣೆಯಲ್ಲಿ ಆ ಸಾಲಿನ ತಾರೀಖು ಹಿಂದುಮುಂದಾದದ್ದು ಸಿಕ್ಕಿಬಿದ್ದಾಗಲೂ, "ನನ್ನ ಕಣ್ತಪ್ಪು" ಎಂದು ಮೆಮೋವನ್ನು ತಾವೇ ತೆಗೆದುಕೊಂಡರು. ಅಕ್ಷರ ನನ್ನದು ಎಂದು ಕುರುಡನಿಗೂ ಗೊತ್ತಾಗುವಂತಿತ್ತು.

ಮೂರು ವಾರದ ಮೇಲೆ ಆ ಕೂಸಿನ ತಂದೆ ಬಾಗಿಲಲ್ಲಿ ನಿಂತಿದ್ದ. ಕೂಸಿಗೆ ಜ್ವರ, ಎದೆ ಕಟ್ಟಿದೆ, ಹಾಲು ಸರಿಯಾಗಿ ಎಳೆಯುತ್ತಿಲ್ಲ. ಆಸ್ಪತ್ರೆಗೆ ಒಯ್ಯಲು ಹೆಂಡತಿ ಬಿಡುವುದಿಲ್ಲ, ಅಲ್ಲಿಯೂ ಹೆಸರು ಬರೆದುಕೊಳ್ಳುತ್ತಾರೆ ಎಂದು ಅವಳ ಹೆದರಿಕೆ. "ಏನ ಮಾಡೂದ್ರಿ ರಾಯರ?" ಎಂದ. ನಾನು ಹತ್ತನೆಯ ಇಯತ್ತೆ ಪಾಸಾದವಳು, ಟೈಪಿಂಗ್ ಪರೀಕ್ಷೆ ಕಟ್ಟಿದವಳು, ಆ ಕ್ಷಣದಲ್ಲಿ ಎಲ್ಲ ಮರೆತೆ. ಕೂಸು ಅಡಗಿ ಕೂತಿದ್ದ ಜಾಗದಲ್ಲಿ ಬೇರೆಯವರನ್ನು ತಂದು ಕೂರಿಸಿ ಅದನ್ನು ಹೊರಗೆ ನಿಲ್ಲಿಸಿದವಳು ನಾನೇ ಎನಿಸಿತು. ಹಾಗೆ ಅನಿಸಿದ್ದು ತಪ್ಪೆಂದು ಇವತ್ತಿಗೂ ಪೂರ್ತಿ ಹೇಳಲಾರೆ.

ರಾಯರು ಟೊಪ್ಪಿಗೆ ಇಟ್ಟುಕೊಂಡು ಎದ್ದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ವಿಭಾಗದ ಹೊಸ್ತಿಲನ್ನೂ ಬೇಡಲು ತುಳಿಯದವರು ಅವತ್ತು ಒಂದೊಂದನ್ನೂ ತುಳಿದರು. ಆರೋಗ್ಯ ವಿಭಾಗಕ್ಕೆ ಹೋಗಿ ದವಾಖಾನೆಯ ಡಾಕ್ಟರನ್ನು ಮನೆಗೇ ಕರೆದೊಯ್ದರು. "ಚೀಟ್ಯಾಗ ಹೆಸರ ಬರೀಬ್ಯಾಡ್ರಿ, ಔಷಧ ಅಷ್ಟ ಕೊಡ್ರಿ" ಎಂದರಂತೆ. ನೀರಿನವರಿಗೆ ಹೇಳಿ ಆ ಓಣಿಗೆ ದಿನಾ ನೀರು ಬಿಡಿಸಿದರು. ಕಸದವರು ಬಂದು ಮನೆಯ ಮುಂದಿನ ಗಟಾರ ಬಳಿದರು. ಪರಸಪ್ಪ ಏಣಿ ತಂದು ಎದುರಿನ ಕಂಬಕ್ಕೆ ಹೊಸ ಬಲ್ಬು ಹಾಕಿದ. ಯಾಕೆಂದು ಯಾರೂ ಕೇಳಲಿಲ್ಲ, ರಾಯರು ಬಾಯಿಬಿಟ್ಟು ಕೇಳಿದ್ದೇ ಅವರಿಗೆಲ್ಲ ಒಂದು ಸೋಜಿಗ. ಯಾವ ಪುಸ್ತಕದಲ್ಲೂ ಇಲ್ಲದ ಒಬ್ಬ ಪ್ರಜೆಗಾಗಿ ಇಡೀ ಮುನ್ಸಿಪಾಲ್ಟಿ ಎಂಟು ದಿನ ದುಡಿಯಿತು. ಒಂಬತ್ತನೆಯ ದಿನ ಕೂಸು ಹೊಟ್ಟೆ ತುಂಬ ಹಾಲು ಎಳೆಯಿತು.

ಅದಕ್ಕೆ ಹೆಸರಿಡಲಿಲ್ಲ. ತೊಟ್ಟಿಲಿಗೂ ಹಾಕಲಿಲ್ಲ. ಓಣಿಯವರು ಅವನನ್ನು 'ಹುಡುಗಾ' ಎಂದಷ್ಟೇ ಕೂಗುತ್ತಿದ್ದರು. ಓಡುತ್ತ, ಬೀಳುತ್ತ, ಮೂಗು ಸೋರಿಸುತ್ತ ಆರು ವರ್ಷದವನಾದ. ಆಗ ಶಾಲೆಯ ಮಾತು ಬಂತು. ಆ ಕಾಲದಲ್ಲಿ ಮಾಸ್ತರರೇ ಅಂದಾಜಿನ ಮೇಲೆ ಒಂದು ಜನ್ಮತಾರೀಖು ಬರೆದುಕೊಳ್ಳುತ್ತಿದ್ದರು. ಆದರೆ ಈ ಶಾಲೆಗೆ ಬಂದ ಹೊಸ ಹೆಡ್‌ಮಾಸ್ತರರು ಕಾಯದೆಯ ಮನುಷ್ಯ, ದಾಖಲೆ ಇಲ್ಲದೆ ಸೇರಿಸುವುದಿಲ್ಲ ಎಂದು ಕೂತರು. ಇಷ್ಟು ತಡವಾದ ಹುಟ್ಟನ್ನು ಬರೆಯಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ತಂದೆ ನಾಲ್ಕು ತಿಂಗಳು ಓಡಾಡಿ ಅದನ್ನು ತಂದ. ರಾಯರ ನಿವೃತ್ತಿಗೆ ಆಗ ಕೆಲವೇ ವಾರ ಉಳಿದಿತ್ತು.

ಮೂವರೂ ಬಂದರು. ತಾಯಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು, ಒಳಗೆ ಬರಲಿಲ್ಲ. ರಾಯರು ಬಾಗಿಲ ಕಡೆಯ ಪುಸ್ತಕ ತೆರೆದರು. "ಬರೀಲೇನವಾ?" ಎಂದು ಕೇಳಿದರು. ಅವಳು ಮಗನ ಕಡೆ ನೋಡಿದಳು, ಸ್ಲೇಟು ಎದೆಗವಚಿ ನಿಂತಿದ್ದ. ಕಣ್ಣು ಮುಚ್ಚಿ ತಲೆಯಾಡಿಸಿದಳು.

"ಹೆಸರು?"

ಗಂಡ-ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಯರು ಬಾಗಿ ಹುಡುಗನನ್ನೇ ಕೇಳಿದರು: "ನಿನಗ ಯಾವ ಹೆಸರು ಬೇಕೋ?"

"ಪರಸಪ್ಪ," ಎಂದ ಹುಡುಗ ತಡಮಾಡದೆ. "ಅಂವಗ ಏಣಿ ಐತಿ."

ನಾನು ನಕ್ಕೆ, ತಂದೆಯೂ ನಕ್ಕ. ರಾಯರು ನಗಲಿಲ್ಲ. ಟಾಕನ್ನು ದೌತಿಯಲ್ಲಿ ಚೆನ್ನಾಗಿ ಅದ್ದಿ, ಒಂದು ಹನಿಯೂ ಬೀಳದಂತೆ ಅಂಚಿಗೆ ಒರೆಸಿ, ಬರೆದರು.

ಮರುದಿನ ಬೆಳಿಗ್ಗೆ ನಾನು ಕಚೇರಿಗೆ ನೆಟ್ಟಗೆ ಹೋಗಲಿಲ್ಲ. ಕಾಲು ನೇಕಾರ ಓಣಿಗೆ ಒಯ್ದವು. ಓಣಿಯ ತುಂಬ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಆ ಮನೆಯ ಬಾಗಿಲು ಮಾತ್ರ ಮುಚ್ಚಿತ್ತು, ಒಳಗೆ ಮಗ್ಗದ ಸಪ್ಪಳವಿರಲಿಲ್ಲ. ಎದುರಿನ ಕಂಬದ ಕೆಳಗೆ ರಾಯರು ನಿಂತಿದ್ದರು.

"ನೀ ಯಾಕ ಬಂದಿ ತಂಗಿ?"

"ಹಿಂಗ ಹಾಯ್ದ ಹೊಂಟಿದ್ದೆರಿ." ನನ್ನ ಮನೆ ಊರಿನ ಆ ತುದಿಗೆ.

"ನಾನೂ ಹಂಗ," ಎಂದರು. ಅವರ ಮನೆಯೂ ಆ ತುದಿಗೇ.

ಇಬ್ಬರೂ ಬಾಗಿಲು ನೋಡುತ್ತ ನಿಂತೆವು. ತಟ್ಟುವ ಧೈರ್ಯ ಇಬ್ಬರಿಗೂ ಇಲ್ಲ. ರಾಯರು, ನನಗೆ ಹೇಳಿದರೋ ಕಂಬಕ್ಕೆ ಹೇಳಿದರೋ, "ನನ್ನ ಮಗಳನ್ನ ನಾನ ಬರದೇನಿ, ತಂಗಿ. ಎರಡೂ ಪುಸ್ತಕದಾಗ. ನಡುವ ಒಂಬತ್ತ ದಿನಾ," ಎಂದರು. "ಇಕಿ ಬಂದು ಹಂಗ ಕೇಳಿದಾಗ, ಸುಳ್ಳ ಅಂತ ನಾ ಹೆಂಗ ಹೇಳಲಿ?"

ಅಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದೆ, ನನಗೆ ಗೊತ್ತಿರಲಿಲ್ಲ.

ಬಾಗಿಲು ತೆರೆಯಿತು. ತಾಯಿ ಹೊರಗೆ ಬಂದಳು. ಕಚೇರಿಯ ನಾವಿಬ್ಬರೂ ಮನೆಯ ಮುಂದೆ ಸುಮ್ಮನೆ ನಿಂತಿರುವುದನ್ನು ಕಂಡದ್ದೇ ಅವಳ ಮುಖ ಬಿಳಿಚಿತು. ತಿರುಗಿ ಒಳಗೆ ಓಡಿದಳು. ಮತ್ತೆ ಬಂದಾಗ ಅವಳ ಹೆಗಲ ಮೇಲೆ ಹುಡುಗ, ನಿದ್ದೆಗಣ್ಣು, ಎಬ್ಬಿಸಿದ್ದಕ್ಕೆ ಸಿಟ್ಟು.

"ಅದಾನ್ರಿ, ಅದಾನ," ಎಂದಳು, ಏದುಸಿರು ಬಿಡುತ್ತ. "ರಾತ್ರಿಯೆಲ್ಲಾ ಅವನ ಬಾಜೂಕ ಕುಂತಿದ್ವಿ. ಅದಕ್ಕ ಇನ್ನೂ ಮಗ್ಗಕ್ಕ ಇಳದಿಲ್ರಿ."

ಹುಡುಗ ಕಣ್ಣುಜ್ಜಿಕೊಂಡು ರಾಯರ ಗುರುತು ಹಿಡಿದ. "ನನ್ನ ಹೆಸರ ಬರದೀರೆಲ್ಲಾ? ಇನ್ನ ಸಾಲಿಗೆ ಹೋಗಲ್ಯಾ?"

"ಹೋಗೋ ಪರಸಪ್ಪಾ, ಹೋಗು. ಬರದೇನಿ," ಎಂದ ರಾಯರು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಧೋತರದ ಚುಂಗಿನಲ್ಲಿ ಮುಖ ಮುಚ್ಚಿಕೊಂಡರು. ತಾಯಿ ಒಳಗೆ ಹೋಗಿ ಅವನ ಮುಖ ತೊಳೆದು, ತಲೆ ಬಾಚಿ, ಸ್ಲೇಟು ಕೊಟ್ಟು ಕಳಿಸುವ ತನಕ ಅವರು ಏಳಲಿಲ್ಲ. ಆಮೇಲೆ ಹುಡುಗನ ಕೈ ಹಿಡಿದುಕೊಂಡು ಶಾಲೆಯ ಕಡೆ ಹೊರಟರು. ಅವನು ಮುಂದೆ ಎಳೆಯುತ್ತಿದ್ದ, ಇವರು ಹಿಂದೆ. ಓಣಿಯ ತಿರುವಿನ ತನಕ ತಾಯಿ ಮಗನನ್ನು ಹೆಸರು ಹಿಡಿದು ಕೂಗುತ್ತಲೇ ಇದ್ದಳು, ಕೆಲಸವೇನೂ ಇಲ್ಲದಿದ್ದರೂ, ಎಲ್ಲರಿಗೂ ಕೇಳುವಂತೆ.